ಪುಟ್ಟತಾಯಮ್ಮನ ದನಿಗೊಂದು ಡಬ್ಬ

ಹಳೇಕೋಟೆ ಸೀಮೆಯಲ್ಲಿ ಮದುವೆ ಮನೆ ಅಂದರೆ ಎರಡು ಸದ್ದು ಇದ್ದೇ ತೀರಬೇಕು. ಹೊರಗೆ ಮರಕ್ಕೆ ಕಟ್ಟಿದ ಪಾಪಯ್ಯನ ಹಾರ್ನು, ಒಳಗೆ ಚಪ್ಪರದಡಿ ಅವನ ಹೆಂಡತಿ ಪುಟ್ಟತಾಯಮ್ಮನ ಸೋಬಾನೆ. ಹೊರಗಿನದು ಸುತ್ತಲ ಊರಿಗೆಲ್ಲ ಕೇಳುತ್ತಿತ್ತು. ಒಳಗಿನದು ಚಾಪೆಯ ಮೇಲೆ ಕೂತವರಿಗಷ್ಟೇ. ಆದರೆ ಹೆಣ್ಣಿನ ತಾಯಿ ಸೆರಗು ಬಾಯಿಗಿಟ್ಟು ಅಳುತ್ತಿದ್ದದ್ದು ಒಳಗಿನದಕ್ಕೆ. ಇದು ಪಾಪಯ್ಯನಿಗೂ ಗೊತ್ತಿತ್ತು. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಮೈಕ್ ಪಾಪಯ್ಯ ಅಂದರೇ ಅವನ ಗುರುತು. ಹೊಲ ಇತ್ತು, ತೆಂಗಿನ ಮರ ಇದ್ದವು, ಅವನ್ನೆಲ್ಲ ತಮ್ಮನೇ ನೋಡಿಕೊಳ್ಳುತ್ತಿದ್ದ. ಮೀಸೆ ಚಿಗುರುವ ಹೊತ್ತಿಗೇ ಪಾಪಯ್ಯ ಆಂಪ್ಲಿಫೈಯರ್ ಹೊತ್ತುಕೊಂಡು ಊರೂರು ತಿರುಗಲು ಶುರುಮಾಡಿದವನು. ಹಾರ್ನಿನ ಕಾಲ ಮುಗಿದು ಎದೆ ಗುದ್ದುವ ದೊಡ್ಡ ಬಾಕ್ಸುಗಳ ಕಾಲ ಬಂದಾಗ, ಕೊಂಡುಕೊಳ್ಳದೆ ತಾನೇ ಪ್ಲೈವುಡ್ ಕೊಯ್ದು ಬಾಕ್ಸ್ ಕಟ್ಟಿದ. ಆಳೆತ್ತರದ ಆ ಬಾಕ್ಸುಗಳ ಮುಂದೆ ಹುಡುಗರು ಕುಣಿಯುವರು, ಪಾಪಯ್ಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುವನು. ವರ್ಷಗಟ್ಟಲೆ ಹಾಗೆ ಕೂತ.

ಹೋದ ಯುಗಾದಿ ಕಳೆದ ಮೇಲೆ ಪುಟ್ಟತಾಯಮ್ಮನ ಗಂಟಲ ಬುಡದಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಮೊದಲು ಅಡಿಕೆಯಷ್ಟು, ಆಮೇಲೆ ನಿಂಬೆಯಷ್ಟು. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಯಿಂದ ಒತ್ತಿ ನೋಡಿ, ಒಳಗಿನ ಚಿತ್ರ ತೆಗೆಸಿ, ಇದನ್ನು ತೆಗೆಯಲೇಬೇಕು ಅಂದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು.

"ಮಾತಾಡಿಸೋ ನರ ಗಡ್ಡೆಗೆ ಅಂಟಿಕೊಂಡ ಹಾಗಿದೆಯಮ್ಮ. ಉಳಿಸೋಕೆ ನೋಡ್ತೀವಿ. ಉಳಿಯದೇ ಇದ್ದರೆ ದನಿ ಮೊದಲಿನ ಹಾಗೆ ಇರಲ್ಲ."

"ಪದ ಏಳಾಕಾಗಲ್ವಾ?" ಅಂದಳು ಪುಟ್ಟತಾಯಮ್ಮ.

ಡಾಕ್ಟರಮ್ಮ ಅವಳ ಭುಜ ತಟ್ಟಿದರು.

ಅವಳು ಒಳಗೆ ಚಿತ್ರ ತೆಗೆಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಪಾಪಯ್ಯ ಹೊರಗೆ ಬೆಂಚಿನ ಮೇಲಿದ್ದ. ಗಂಟಲಿನ ಡಾಕ್ಟರೇ ಕಿವಿಯ ಡಾಕ್ಟರೂ ಆಗಿರುತ್ತಾರಲ್ಲ, ಎದುರು ಕೋಣೆಯಲ್ಲಿ ಕಿವಿ ನೋಡುತ್ತಿದ್ದರು. ಹೊತ್ತು ಹೋಗಲೆಂದು ಅವನೂ ಹೋಗಿ ಕೂತ. ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ದನಿ ಕೇಳಿದಾಗ ಒತ್ತಿ ಅಂದರು. ಮೊದಲು ಒಂದಷ್ಟು ಒತ್ತಿದ. ಆಮೇಲೆ ದನಿ ಬರಲಿಲ್ಲ. ಮಿಷನ್ನು ಕೆಟ್ಟಿರಬೇಕು ಅಂದುಕೊಂಡು ಗಾಜಿನಾಚೆ ಕೈ ಆಡಿಸಿದ. ಆಚೆ ಕೂತಿದ್ದ ಹುಡುಗಿ ಎದ್ದು ಬಂದಳು.

"ಕೆಟ್ಟಿಲ್ಲ ಅಣ್ಣ. ಸಣ್ಣ ದನಿಗಳು ನಿಮಗೆ ಕೇಳಿಸ್ತಾ ಇಲ್ಲ. ದೊಡ್ಡ ಸದ್ದಿನ ಹತ್ತಿರ ಕೆಲಸ ಮಾಡಿದ್ದೀರಾ? ಸ, ಶ, ಹ, ಇಂಥ ಗಾಳಿ ಅಕ್ಷರಗಳೇ ಮೊದಲು ಜಾರಿಹೋಗೋದು. ಕಿವಿಗೆ ಮಿಷನ್ ಹಾಕ್ಕೊಂಡ್ರೆ ಅನುಕೂಲ."

"ನೋಡಣ ಬುಡವ್ವ," ಅಂದ ಪಾಪಯ್ಯ. ಕಿವಿಯಲ್ಲಿ ಮಿಷನ್ ಇಟ್ಟುಕೊಂಡವನಿಗೆ ಯಾರು ಮೈಕಿನ ಕೆಲಸ ಹೇಳುತ್ತಾರೆ? ಕೈಕಾಲು ನಡುಗುವ ಕ್ಷೌರಿಕನ ಮುಂದೆ ಗಂಟಲೊಡ್ಡಿ ಕೂರುವವರುಂಟೆ?

ಬಸ್ಸಿನಲ್ಲಿ ಹೆಂಡತಿ ಕೇಳಿದಳು: "ಅಸ್ಟೊತ್ತು ಎಲ್ಲೋಗಿದ್ದೆ?"

"ಟೀ ಕುಡ್ಯಾಕೆ."

ಹೊಳೆನರಸೀಪುರ ಬರುವ ತನಕ ಪಾಪಯ್ಯ ಒಂದೇ ಯೋಚನೆ ಮಾಡುತ್ತಿದ್ದ. ಆಪರೇಷನ್ನು ಮುಂದಿನ ತಿಂಗಳು. ಅಷ್ಟರೊಳಗೆ ಇವಳ ದನಿಯನ್ನು ಹಿಡಿದಿಡಬೇಕು. ಊರಿಗೆಲ್ಲ ಸದ್ದು ಹಂಚಿದವನು, ಹೆಂಡತಿಯ ದನಿಯನ್ನು ಒಂದು ದಿನವೂ ಸರಿಯಾಗಿ ಹಿಡಿದಿರಲಿಲ್ಲ.

"ಮೊಬೈಲ್‌ನಾಗೆ ಇಡ್ಕಂಡ್ರೆ ಬರಾಕಿಲ್ವಾ?" ಅಂದಳು ಅವಳು, ಅವನು ಮನೆಗೆ ಬಂದು ವಿಷಯ ತೆಗೆದಾಗ.

"ಮೊಬೈಲ್‌ನಾಗೆ ಬರೋದು ನೊಣದ ದನಿ ಕಣೆ."

"ಅಂಗಾರೆ ನಿನ್ ಗೋದಾಮ್ನಾಗಿರೋ ಆ ರಾಕ್ಸಸರ ಡಬ್ಬಕ್ಕೆ ಆಕು."

"ಅದ್ರಾಗೆ ನೀನು ಆಡಿದ್ರೆ ಕುರುಕ್ಷೇತ್ರದ ಭೀಮ ಆಡ್ದಂಗಿರ್ತದೆ." ಅವನು ಅವಳ ಪಕ್ಕ ಕೂತ. "ಚಿಕ್ಕದೊಂದು ಡಬ್ಬ ಕಟ್ತೀನಿ. ಈ ಗೂಡ್ನಾಗೆ ಇಡೋ ಅಂತದ್ದು. ನೀನು ಇಲ್ಲೇ ಕುಂತು ಏಳ್ದಂಗಿರ್ಬೇಕು, ಅಸ್ಟೇ ಸದ್ದು, ಜಾಸ್ತಿ ಬ್ಯಾಡ. ಅದ್ನ ಈಗ್ಲೇ ಕಟ್ಬೇಕು. ನಿನ್ ಗಂಟ್ಲು ಇರೋವಾಗ್ಲೇ ಪಕ್ಕದಾಗೆ ಮಡಿಕ್ಕಂಡು ತಾಳೆ ನೋಡ್ಬೇಕು. ಆಮ್ಯಾಕೆ ಯಾವ್ದುಕ್ಕೆ ತಾಳೆ ನೋಡ್ಲಿ?"

ಪುಟ್ಟತಾಯಮ್ಮ ಗಂಟಲು ಸವರಿಕೊಂಡಳು. "ಊಂ, ಕಟ್ಟು," ಅಂದಳು.

ಹಾಸನದಲ್ಲಿ ರಜನೀಶ್ ಎಂಬೊಬ್ಬ ಸ್ಪೀಕರ್ ಸಾಮಾನು ಮಾರುತ್ತಿದ್ದ. ಪಾಪಯ್ಯನ ಹಳೆಯ ಗಿರಾಕಿತನ ಅಲ್ಲೇ. ಇವನು ಅಂಗೈಯಗಲದ ಊಫರ್ ಕೇಳಿದಾಗ ರಜನೀಶನಿಗೆ ನಗು ಬಂತು.

"ಏನ್ ಪಾಪಣ್ಣ, ಡೊಳ್ಳಿಂದ ಗಿಲಕಿಗೆ ಇಳಿದುಬಿಟ್ರಿ?"

"ಮನ್ಸರು ದನಿಗೆ ಕಣಪ್ಪ. ಕಾಗದದ ಊಫರ್ ಒಂದು ಕೊಡು. ರೇಸಿಮೆ ಬಟ್ಟೆ ಗುಬುಟಿರೋ ಟ್ವೀಟರ್ ಒಂದು."

"ಒಂದೊಂದೇನಾ? ಜೋಡಿ ಮಾಡಿ, ಸ್ಟೀರಿಯೋ ಆಗ್ತದೆ."

"ನನ್ನೆಂಡ್ತಿಗೆ ಒಂದೇ ಬಾಯಿ."

"ಪುಣ್ಯವಂತರು ಬಿಡಿ," ಅಂತ ರಜನೀಶ್ ಎರಡನ್ನೂ ಕಟ್ಟಿಕೊಟ್ಟ. ಊಫರಿನ ಲೆಕ್ಕ ತನ್ನ ಕಂಪ್ಯೂಟರಿಗೆ ಹಾಕಿ, ಡಬ್ಬದ ಒಳಗೆ ಸುಮಾರು ಒಂಬತ್ತು ಲೀಟರ್ ಗಾಳಿ ಇರಬೇಕು ಅಂತಲೂ ಹೇಳಿಕಳಿಸಿದ.

ಮನೆಯ ಹಿಂದಿನ ಸೂರಿನಡಿ ಕೆಲಸ ಶುರುವಾಯಿತು. ಹೆಬ್ಬೆರಳು ದಪ್ಪದ ಪ್ಲೈವುಡ್ ಕೊಯ್ದು ಗೋಂದು ಹಚ್ಚಿ ಡಬ್ಬ ನಿಲ್ಲಿಸಿದ. ಒಳಗಿನ ಅಳತೆ ಸರಿಯಿದೆಯೋ ಇಲ್ಲವೋ ಅಂತ ಟೇಪು ಹಿಡಿದು ಗುಣಿಸುವ ಬದಲು, ಊಫರಿನ ತೂತಿನಿಂದ ಲೀಟರಿನ ಅಳತೆಪಾತ್ರೆಯಲ್ಲಿ ರಾಗಿ ಅಳೆದು ಸುರಿದ. ಡಬ್ಬ ತುಂಬಿದ ಮೇಲೂ ಒಂಬತ್ತನೆಯ ಅಳತೆಯಲ್ಲಿ ರಾಗಿ ಉಳಿಯಿತು. ಮೂಲೆಗೆ ಬಿಗಿದ ಮರದ ರೀಪರುಗಳು ಜಾಗ ತಿಂದಿದ್ದವು. ಅವನ್ನು ಉಜ್ಜಿ ಸಣ್ಣ ಮಾಡಿ ಮತ್ತೆ ಸುರಿದ.

ಪುಟ್ಟತಾಯಮ್ಮ ಮೊರ ಹಿಡಿದು ಬಂದಳು. "ನೋಡ್ದಾ? ರಾಗಿ ತುಂಬ ಮರದಪುಡಿ. ಇವತ್ತು ಮುದ್ದೆ ಉಣ್ಣು, ನಾಳೆ ಒಟ್ಟೇಲಿ ಬೀರು ಬೆಳೀಲಿ."

ಕೀಲುಗಳಲ್ಲಿ ಗಾಳಿ ಸೋರಬಾರದು. ಡಬ್ಬದೊಳಗೆ ಊದುಬತ್ತಿ ಹಚ್ಚಿಟ್ಟು, ತೂತುಗಳನ್ನೆಲ್ಲ ಅಂಗೈಯಿಂದ ಮುಚ್ಚಿ, ಎಲ್ಲಿಂದ ಹೊಗೆ ನುಸುಳುತ್ತದೆ ನೋಡಿ ಅಲ್ಲಿಗೆ ಗೋಂದು ಮೆತ್ತಿದ. ಹಿಂಬದಿಗೆ ಗಾಳಿ ಉಸಿರಾಡಲು ಪೈಪಿನ ತುಂಡು. ಒಳಗೋಡೆಗೆ ಹಳೆಯ ಕಂಬಳಿ. ಬೋರ್‌ವೆಲ್ ಮೋಟಾರಿಗೆ ಸುತ್ತುವ ತಾಮ್ರದ ತಂತಿಯಿಂದಲೇ ಕಾಯಿಲು ಸುತ್ತಿದ. ಕಾಯಿಲು, ಕಂಡೆನ್ಸರು ಸೇರಿದರೆ ಕ್ರಾಸ್‌ಓವರ್. ಅದು ನಾಲೆಯ ತೂಬಿದ್ದ ಹಾಗೆ. ಬಂದ ಹಾಡನ್ನು ಸೀಳಿ, ದಪ್ಪ ದನಿಯನ್ನು ಊಫರಿನ ಗದ್ದೆಗೂ ಸಣ್ಣ ದನಿಯನ್ನು ಟ್ವೀಟರಿನ ಗದ್ದೆಗೂ ಹರಿಸುತ್ತದೆ. ಟ್ವೀಟರ್ ಸ್ವಭಾವತಃ ಬಾಯಿಬಡುಕಿ. ಅದರ ಮುಂದೆ ಒಂದು ರೆಸಿಸ್ಟರ್ ಇಟ್ಟು ಗದರಿಸಿ ಕೂರಿಸಬೇಕು. ಇಲ್ಲದಿದ್ದರೆ ಅಕ್ಕನ ಮಾತು ಮುಚ್ಚಿ ತಂಗಿಯೇ ಕಿರುಚುತ್ತಾಳೆ.

ಡಬ್ಬ ನಿಂತ ಮೇಲೆ ಪುಟ್ಟತಾಯಮ್ಮನನ್ನು ಕಾಳಿನ ಕೋಣೆಯಲ್ಲಿ ಕೂರಿಸಿ, ಸುತ್ತ ಹಾಸಿಗೆ ನಿಲ್ಲಿಸಿ, ಮುಂದೆ ಮೈಕಿಟ್ಟು ಹಾಡಿಸಿದ. ಅವಳು ಎತ್ತಿಕೊಂಡದ್ದು ಹೆಣ್ಣನ್ನು ಹಸೆಮಣೆಗೆ ಕರೆಯುವ ಪದ.

"ಆಲು ತುಂಬಿದ ಕೆರೆಗೆ ಊವು ಆಸಿದ ದಾರಿ,
ಒತ್ತೋಗೊ ಮುಂಚೆ ಅಸೆಗೇರು..."

ಒಂದು ಸಾಲು ಹೇಳುವಳು, ಸುಮ್ಮನಾಗುವಳು, ಮುಂದಿನ ಸಾಲಿಗೆ ಹೋಗುವಳು.

"ಮಧ್ಯ ಮಧ್ಯ ಯಾಕೆ ನಿಲ್ತೀಯ?" ಅಂದ ಪಾಪಯ್ಯ.

"ನಾನೆಲ್ಲಿ ನಿಂತೆ? ಅಂಗೇ ಏಳೋದು."

ಹಿಡಿದದ್ದನ್ನು ಡಬ್ಬದಲ್ಲಿ ಹಾಕಿದಾಗ ಅವಳು ಮುಖ ಸಿಂಡರಿಸಿದಳು. "ಇದ್ಯಾವ್ಳು? ನಾನಲ್ಲ." ತನ್ನ ದನಿಯನ್ನು ಮೊದಲ ಸಲ ಹೊರಗಿನಿಂದ ಕೇಳಿದವರೆಲ್ಲ ಹೀಗೇ ಅನ್ನುತ್ತಾರೆ. ನಮ್ಮ ದನಿ ನಮಗೆ ಕೇಳುವುದು ತಲೆಬುರುಡೆಯ ಒಳಗಿನಿಂದ. ಪಾಪಯ್ಯನಿಗೆ ಅದು ಗೊತ್ತಿತ್ತು. ಆದ್ದರಿಂದ ಅವಳ ಮಾತನ್ನು ಲೆಕ್ಕಕ್ಕಿಡಲಿಲ್ಲ. ತನ್ನ ಕಿವಿಯ ಮೇಲೆ ನಂಬಿಕೆ ಇರಲಿಲ್ಲ. ಆಗ ಅವನಿಗೆ ಆಸ್ಪತ್ರೆಯ ಹುಡುಗಿಯ ಮಾತು ನೆನಪಾಯಿತು. ಸ, ಶ, ಹ. ಈ ಅಕ್ಷರಗಳು ಕೇಳುವ ಹಾಗೆ ಮಾಡಿದರೆ ಡಬ್ಬ ಸರಿಯಾಯಿತು ಅಂತ ತಾನೇ ಅರ್ಥ?

ಪದವನ್ನು ಮನಸ್ಸಿನಲ್ಲೇ ಬಿಡಿಸಿದ. ಹಾಲು, ಹೂವು, ಹಾಸು, ಹೊತ್ತು, ಹಸೆ. ಸಾಲಿಗೆ ಸಾಲೇ ಹಕಾರ! ಡಬ್ಬಕ್ಕೆ ಕಿವಿಯಿಟ್ಟು ಕೂತ. ಒಂದು ಹಕಾರವೂ ಬರಲಿಲ್ಲ. ಟ್ವೀಟರಿನ ರೆಸಿಸ್ಟರ್ ಚಿಕ್ಕದು ಮಾಡಿದ. ಬರಲಿಲ್ಲ. ಕಂಡೆನ್ಸರ್ ಬದಲಿಸಿದ. ಬರಲಿಲ್ಲ. ಕೊನೆಗೆ ರೆಸಿಸ್ಟರನ್ನೇ ಕಿತ್ತೆಸೆದ. ಪುಟ್ಟತಾಯಮ್ಮ ಒಲೆಯ ಮುಂದಿನಿಂದ ಓಡಿಬಂದಳು.

"ನಿಲ್ಸು! ಕಿವಿಗೆ ದಬ್ಬಳ ಆಕಿ ತಿರುವ್ದಂಗೆ ಆಯ್ತದೆ!"

"ನಿನ್ ದನಿ ನಿಂಗೆ ಗೊತ್ತಾಗಾಕಿಲ್ಲ."

"ನಂಗೆ ಗೊತ್ತಾಗಲ್ಲ. ನೀನು ನೋಡಿದ್ರೆ ದಿನಾ ಅದ್ನ ಬಿಚ್ತೀಯ, ಕಟ್ತೀಯ. ಅಂಗಾರೆ ಯಾರ್ಗೊತ್ತಾಯ್ತದೆ ಏಳು."

ಹೇಳಿದವಳೇ ಒಲೆಯ ಕಡೆಗೆ ತಿರುಗಿದಳು. ಅವನು ನೆಲ ನೋಡಿದ. ಯಾರಿಗೆ ಗೊತ್ತಾಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆ ಹೆಸರನ್ನು ಈ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ.

ಅವಳು ಮಾದಮ್ಮ. ಪುಟ್ಟತಾಯಮ್ಮನ ತವರೂರು ಮೊಸಳೆಯಲ್ಲಿ ಇಬ್ಬರೂ ಒಂದೇ ಬೀದಿಯವರು. ಸೋಬಾನೆ ಒಬ್ಬರೇ ಹೇಳುವ ಪದವಲ್ಲ. ಒಬ್ಬಳು ಎತ್ತಬೇಕು, ಇನ್ನೊಬ್ಬಳು ಅದೇ ಸಾಲನ್ನು ತಿರುಗಿಸಿ ಹೇಳಬೇಕು. ಪುಟ್ಟತಾಯಮ್ಮ ಎತ್ತುವವಳು, ಮಾದಮ್ಮ ತಿರುಗಿಸುವವಳು. ಒಬ್ಬಳು ಹಳೇಕೋಟೆಗೂ ಇನ್ನೊಬ್ಬಳು ದಂಡಿಗನಹಳ್ಳಿಗೂ ಮದುವೆಯಾಗಿ ಹೋದರೂ, ಕರೆದ ಮನೆಗೆ ಇಬ್ಬರೂ ಬಂದೇ ಕೂರುತ್ತಿದ್ದರು. ಇಬ್ಬರ ನಡುವೆ ಕೆಟ್ಟದ್ದು ಅರಕಲಗೂಡಿನ ಒಂದು ಮದುವೆಯಲ್ಲಿ. ಒಳಗಿನ ಪದವೂ ಹೊರಗೆ ಕೇಳಲಿ ಅಂತ ಬೀಗರು ಆಸೆಪಟ್ಟರು. ಪಾಪಯ್ಯ ಹೆಂಡತಿಯ ಬಾಯಿಗೆ ಮೈಕಿಟ್ಟ. ಇದ್ದದ್ದು ಒಂದೇ ಮೈಕು. ಪುಟ್ಟತಾಯಮ್ಮನ ಸಾಲು ಊರಗಲಕ್ಕೆ ಹೋಯಿತು, ಮಾದಮ್ಮನದು ಚಾಪೆಯಲ್ಲೇ ಉಳಿಯಿತು. ಎಲೆ ಅಡಿಕೆ ಕೊಡಲು ಬಂದ ಬೀಗಿತ್ತಿಯೊಬ್ಬಳು, "ಇಂದುಗಡೆ ಯಾರೋ ಗೊಣಗ್ತಿದ್ರಲ್ಲ, ಅವ್ರು ಸುಮ್ಕಿದ್ರೆ ಇನ್ನೂ ಚೆಂದಾಗಿರದು," ಅಂದುಬಿಟ್ಟಳು. ಮಾದಮ್ಮ ಅರ್ಧ ಪದದಲ್ಲೇ ಎದ್ದು ನಡೆದಳು. ಹಸೆಯ ಮೇಲೆ ಹೆಣ್ಣು ಕೂತಿರುವಾಗ ಪದ ಮುರಿಯಬಾರದು. ಪುಟ್ಟತಾಯಮ್ಮ ಎಲ್ಲರೆದುರಿಗೆ ಅವಳನ್ನು ಪದ ಮುರುಕಿ ಅಂದಳು. ಅಲ್ಲಿಗೆ ಮುಗಿಯಿತು.

ಪಾಪಯ್ಯ ಯಾರಿಗೂ ಹೇಳದೆ ಡಬ್ಬವನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿದ. ಹೊಳೆನರಸೀಪುರದಲ್ಲಿ ಇಳಿದು ಚನ್ನರಾಯಪಟ್ಟಣದ ಬಸ್ಸು.

"ಅದ್ಕೆ ಲಗೇಜಾಗ್ತದೆ, ಏನೈತೆ ಒಳಗೆ?" ಅಂದ ಕಂಡಕ್ಟರ್.

"ನಮ್ ಮನೆಯವ್ಳ ದನಿ."

ಕಂಡಕ್ಟರ್ ಡಬ್ಬವನ್ನೂ ಅವನನ್ನೂ ನೋಡಿದ. "ಎಂಗಸ್ರಿಗೆ ಫ್ರೀ. ಕುಂತ್ಕೊ ಯಜಮಾನ."

ದಂಡಿಗನಹಳ್ಳಿಯಲ್ಲಿ ಮಾದಮ್ಮ ಜಗಲಿಯ ಮೇಲೆ ಹುರುಳಿ ಆರಿಸುತ್ತಿದ್ದಳು. ತಲೆ ನರೆತಿತ್ತು. ಇವನನ್ನು ಕಂಡು ಏಳಲಿಲ್ಲ.

"ಬಾವ, ದಾರಿ ತಪ್ತಾ?"

"ಇಲ್ಲ ಕಣವ್ವ. ನಿನ್ನೇ ಉಡಿಕ್ಕಂಡ್ ಬಂದೆ."

ಗಡ್ಡೆಯ ಸುದ್ದಿ ಹೇಳಿದ. ನರದ ಸುದ್ದಿ ಹೇಳಿದ. ಮಾದಮ್ಮನ ಕೈ ಮೊರದಲ್ಲೇ ನಿಂತಿತು. ಆಮೇಲೆ ಡಬ್ಬ ಬಿಚ್ಚಿಟ್ಟು, ಚೀಲದಲ್ಲಿ ತಂದಿದ್ದ ಪುಟ್ಟ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿ ಪದ ಹಾಕಿದ. ಮೊದಲ ಸಾಲಿಗೇ ಅವಳು ಎರಡು ಕಿವಿಯನ್ನೂ ಮುಚ್ಚಿಕೊಂಡಳು.

"ಆರ್ಸು ಬಾವ! ತಂಬಿಗೆನ ಕಲ್ಲಿಗೆ ತೀಡ್ದಂಗೈತೆ. ಪುಟ್ಟಿ ಎಲ್ಲವ್ಳೆ ಇದ್ರಾಗೆ?"

"ಅಕಾರ ಬರ್ತಿಲ್ಲ ಮಾದವ್ವ. ಅದ್ಕೆ ಏರ್ಸಿವ್ನಿ."

"ಯಾವ ಅಕಾರ?"

ಪಾಪಯ್ಯ ಶಾಲೆಯ ಮೇಷ್ಟರ ಹಾಗೆ ಎದೆಯಿಂದ ಉಸಿರು ತಳ್ಳಿ ಹೇಳಿದ. "ಹ. ಹಾಲು. ಹೂವು. ಹಸೆ. ಒಂದೂ ಕೇಳಾಕಿಲ್ಲ."

ಮಾದಮ್ಮ ಹುರುಳಿಯ ಮೊರ ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದು ನಕ್ಕಳು.

"ಅಯ್ಯೋ ನಿನ್ ಮನೆ ಕಾಯ್ವಾಗ! ಅವ್ಳು ಯಾವತ್ತು ಆಲ್ಗೆ ಹಾಲು ಅಂದವ್ಳೆ? ನಾನು ಅಂದಿವ್ನಾ? ನಮ್ಮವ್ವ ಅಂದಿದ್ಲಾ? ಬಾಯಿಂದ ಬರ್ದೇ ಇರೋದು ಡಬ್ಬದಿಂದ ಎಲ್ಲಿಂದ ಬತ್ತದೆ? ಆ ಟೀವಿಯೋರ ಬಾಯಲ್ಲಿ ಐತೆ, ಓಗಿ ಇಸ್ಕಂಬಾ."

ಪಾಪಯ್ಯ ಬಾಯಿ ತೆರೆದುಕೊಂಡು ಕೂತ. ಇಷ್ಟು ವರ್ಷ ಜೊತೆಗೆ ಬದುಕಿದ ಬಾಯಲ್ಲಿ ಇಲ್ಲದ ಅಕ್ಷರಕ್ಕೆ ಅವನು ವಾರಗಟ್ಟಲೆ ಡಬ್ಬದ ಕತ್ತು ಹಿಸುಕಿದ್ದ. ನಾಚಿಕೆಯಿಂದ ಬಗ್ಗಿ ಚೀಲದಿಂದ ರೆಸಿಸ್ಟರ್ ಹುಡುಕಿ ಸೇರಿಸತೊಡಗಿದ. ಬೆನ್ನ ಹಿಂದಿನಿಂದ ಮಾದಮ್ಮ ಏನೋ ಅಂದಳು.

"ಊಂ," ಅಂದ ಪಾಪಯ್ಯ.

ಮತ್ತೆ ಏನೋ ಅಂದಳು. "ಊಂ ಊಂ."

ಅವಳು ಮುಂದೆ ಬಂದು ಕೂತಳು. ಮುಖದಲ್ಲಿ ನಗು ಇರಲಿಲ್ಲ. "ಪಂಚೆಗೆ ಚೇಳು ಅತ್ತೈತೆ ಅಂದೆ. ನೀನು ಊಂ ಅಂದೆ. ಅದು ಕುಟುಕ್ತದೆ ಅಂದೆ. ಅದ್ಕೂ ಊಂ ಅಂದೆ. ಎಸ್ಟ್ ದಿನ ಆಯ್ತು ಬಾವ, ಕಿವಿ ಓಗಿ?"

ಅವನು ತಂತಿಯನ್ನೇ ತಿರುವುತ್ತಿದ್ದ. "ಪುಟ್ತಾಯಿಗೆ ಏಳ್ಬ್ಯಾಡ."

"ಮೊದ್ಲು ಪದ ಆಕು, ನೋಡಣ."

ಈ ಸಲ ಟ್ವೀಟರ್ ತಗ್ಗಿತ್ತು. ಪದ ಸರಿಯಾಗಿ ಬರಲಿಲ್ಲ, ಮೂಗಿನಲ್ಲಿ ಹಾಡಿದ ಹಾಗಿತ್ತು. ಆದರೂ ಅದು ಪುಟ್ಟತಾಯಮ್ಮನೇ. ಮೊದಲ ಸಾಲು ಮುಗಿದು ದನಿ ನಿಂತಿತು. ಆ ಬಿಡುವಿನೊಳಕ್ಕೆ ಮಾದಮ್ಮನ ಬಾಯಿಂದ ಅದೇ ಸಾಲು ಹೊರಟುಬಿಟ್ಟಿತು, ಕರೆದವರಿಗೆ ಓಗೊಟ್ಟ ಹಾಗೆ. ಡಬ್ಬ ಎರಡನೆಯ ಸಾಲು ಎತ್ತಿತು. ಇವಳು ತಿರುಗಿಸಿದಳು. ಮೂರನೆಯದಕ್ಕೆ ಇವಳು ಡಬ್ಬದ ಮೇಲೆ ಕೈಯಿಟ್ಟಳು.

"ನಂಗೆ ಜಾಗ ಬುಟ್ಟವ್ಳೆ," ಅಂದಳು. "ಪದ ಮುರುಕಿ ಅಂದೋಳು, ಇವತ್ಗೂ ನನ್ ಜಾಗ ಬುಟ್ಕಂಡೇ ಏಳ್ತಾವ್ಳೆ."

ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು.

ಹಳೇಕೋಟೆಯಲ್ಲಿ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಗಂಡನ ಹಿಂದೆ ಬರುತ್ತಿರುವುದು ಯಾರು ಅಂತ ತಿಳಿದರೂ ಬಾ ಅನ್ನಲಿಲ್ಲ. ಕಾಲಿಗೆ ನೀರಿನ ಚೊಂಬು ಮಾತ್ರ ತಂದಿಟ್ಟಳು. ಮಾದಮ್ಮ ಕಾಲು ತೊಳೆದು ಒಳಗೆ ಬಂದು, ನೆಟ್ಟಗೆ ಅವಳ ಗಂಟಲ ಗಡ್ಡೆಯ ಮೇಲೆ ಕೈಯಿಟ್ಟಳು.

"ನೋಯ್ತದೇನೆ?"

"ಇಲ್ಲ. ನುಂಗಾಕೆ ಕಸ್ಟ."

"ಅವತ್ತು ಎದ್ದೋಗ್ಬಾರ್ದಿತ್ತು ಕಣೆ ನಾನು."

"ಮೈಕು ನಂಗೊಬ್ಳಿಗೇ ಇಟ್ಟಿದ್ದು ನಂಗೂ ಗೊತ್ತಾಯ್ತಿತ್ತು," ಅಂದಳು ಪುಟ್ಟತಾಯಮ್ಮ. "ಸರ್ಸು ಅನ್ಬೌದಿತ್ತು. ಅನ್ನಲಿಲ್ಲ. ಚೆಂದಾಗಿತ್ತು, ಊರೆಲ್ಲ ಕೇಳೋದು."

ಅಷ್ಟೇ. ಇಬ್ಬರೂ ಒಲೆಯ ಮುಂದೆ ಹೋಗಿ ಕೂತರು. ಆದರೆ ಮಾದಮ್ಮ ಯಾವುದನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವವಳಲ್ಲ. ಕಾಫಿ ಇಳಿಸುವ ಮೊದಲೇ ಹೇಳಿಬಿಟ್ಟಳು. "ನಿನ್ ಗಂಡುನ್ಗೆ ಕಿವಿ ಇಲ್ಲ ಕಣೆ. ಡಬ್ಬಕ್ಕಲ್ಲ, ಅವುನ್ಗೆ ರಿಪೇರಿ ಆಗ್ಬೇಕು."

ಪುಟ್ಟತಾಯಮ್ಮ ಸೂರಿನಡಿಗೆ ಬಂದಾಗ ಪಾಪಯ್ಯ ಬೆಸುಗೆ ಹಾಕುತ್ತಿದ್ದ. ಅವನ ಮುಂದೆ ನಿಂತಳು, ಬಾಯಿ ಕಾಣುವ ಹಾಗೆ.

"ನಿಜಾನಾ?"

ಅವನು ತಲೆಯಾಡಿಸಿದ.

"ನನ್ ದನಿ ಓಯ್ತದೆ ಅಂತ ಒಬ್ಳೇ ಕುಂತು ಅತ್ತಿವ್ನಿ. ನಿನ್ಗೇಳ್ದೆ, ಎದ್ರಿಕೆ ಆಯ್ತದೆ ಅಂತ ಮಗ್ಗುಲ್ನಾಗೆ ಮನಿಕ್ಕಂಡು ಏಳ್ದೆ. ನೀನು ಊಂ ಅಂದೆ. ಗೋಡೆಗೇಳ್ದಂಗಾಯ್ತಲ್ಲ! ನಾನು ಕಳ್ಕಳಾಕೆ ಮುಂಚೇನೇ ನೀನು ಕಳ್ಕಂಡ್ಬುಟ್ಟಿದ್ದೆ!"

ಬೆಸುಗೆ ಕಡ್ಡಿಯ ಹೊಗೆ ಇಬ್ಬರ ನಡುವೆ ಏಳುತ್ತಿತ್ತು. ಅವಳು ತಿರುಗಿ ಹೋದಳು. ಎರಡು ದಿನ ಅವನೊಡನೆ ಮಾತಾಡಲಿಲ್ಲ. ಊಟ ಬಡಿಸಿದಳು, ನೀರು ಕೊಟ್ಟಳು, ಬಾಯಿ ಬಿಡಲಿಲ್ಲ. ಇರುವಷ್ಟು ದಿನದ ದನಿಯನ್ನೂ ಕೊಡದೆ ಶಿಕ್ಷೆ ಕೊಟ್ಟಳು.

ಮೂರನೆಯ ದಿನ, ಅಲ್ಲೇ ಉಳಿದಿದ್ದ ಮಾದಮ್ಮನೇ ಗದರಿದಳು. "ಮುನುಸ್ಕಣಾಕೆ ಆಮ್ಯಾಕೆ ಬೇಕಾದಷ್ಟು ಟೇಮೈತೆ. ಬಾರೆ ಇಲ್ಲಿ."

ಕೆಲಸ ಹೀಗೆ ನಡೆಯಿತು. ಮಾದಮ್ಮ ಗೋಡೆಗೆ ಮುಖ ಮಾಡಿ ಕೂರುವಳು. ಅವಳ ಹಿಂದೆ ಪುಟ್ಟತಾಯಮ್ಮ, ಪಕ್ಕದಲ್ಲಿ ಡಬ್ಬ. ಇವಳೊಂದು ಸಾಲು, ಅದೊಂದು ಸಾಲು. ಮಾದಮ್ಮ ಗೋಡೆಗೇ ತೀರ್ಪು ಹೇಳುವಳು.

"ಡಬ್ಬದವ್ಳಿಗೆ ನೆಗಡಿ." ಪಾಪಯ್ಯ ಕಾಯಿಲಿನ ಸುತ್ತು ಬಿಚ್ಚುವನು.

"ಈಗ ಗಂಟ್ಲು ಬಂತು. ಅಲ್ಲು ಬರ್ಲಿಲ್ಲ." ಬೇರೆ ರೆಸಿಸ್ಟರ್.

"ಈಗ ಅಲ್ಲು ಜಾಸ್ತಿ ಆಯ್ತು, ಮೊಸಳೆ ಆಗವ್ಳೆ."

"ಮೊಸಳೆಯವ್ಳೇ ಅಲ್ವಾ ನಾನು?" ಅಂದಳು ಪುಟ್ಟತಾಯಮ್ಮ. ಮೂವರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಪಾಪಯ್ಯನಿಗೆ ಆ ವ್ಯತ್ಯಾಸಗಳು ಒಂದೂ ತಿಳಿಯುತ್ತಿರಲಿಲ್ಲ. ಹೇಳಿದ ಹಾಗೆ ಕೈ ಕೆಲಸ ಮಾಡುತ್ತಿತ್ತು. ಜೀವಮಾನದಲ್ಲಿ ಅವನು ಮಾಡಿದ ಒಳ್ಳೆಯ ಡಬ್ಬ ಇದೊಂದೇ, ಇದನ್ನೇ ಅವನು ಕೇಳಲಾರ. ಕಂಬಳಿಯ ತುಂಡೊಂದನ್ನು ಒಳಗೆ ಸೇರಿಸಿದ ಮೇಲೆ ಒಂದು ಮಧ್ಯಾಹ್ನ ಮಾದಮ್ಮ ಗೋಡೆ ನೋಡಿಕೊಂಡೇ, "ಪುಟ್ಟಿ, ಇನ್ನೊಂದಪ ಏಳೇ, ತಿಳೀನಿಲ್ಲ," ಅಂದಳು. ಯಾರೂ ಹೇಳಲಿಲ್ಲ. ಅವಳು ತಿರುಗಿ ನೋಡಿದಾಗ ಪುಟ್ಟತಾಯಮ್ಮ ಅಲ್ಲಿರಲೇ ಇಲ್ಲ, ಹಿತ್ತಿಲಲ್ಲಿ ಬಟ್ಟೆ ಎತ್ತುತ್ತಿದ್ದಳು. ಪಾಪಯ್ಯ ಬೆಸುಗೆ ಕಡ್ಡಿ ಕೆಳಗಿಟ್ಟ.

ಆ ವಾರವೇ ಆಪರೇಷನ್ನು. ಗಡ್ಡೆ ಹೋಯಿತು, ಜೀವಕ್ಕೆ ಭಯವಿಲ್ಲ ಅಂದರು. ನರ ಉಳಿಯಲಿಲ್ಲ. ಬ್ಯಾಂಡೇಜು ಬಿಚ್ಚಿದ ಮೇಲೆ ಪುಟ್ಟತಾಯಮ್ಮ ಬಾಯಿ ತೆರೆದರೆ ಬರುತ್ತಿದ್ದದ್ದು ಬರೀ ಗಾಳಿ. ಪಿಸುಮಾತು. ಪಕ್ಕದ ಮನೆಯವರಿಗೆ, ತಿಂಗಳಿಗೊಮ್ಮೆ ಬರುವ ಮಾದಮ್ಮನಿಗೆ ಅದು ಅರ್ಥವಾಗುತ್ತಿತ್ತು. ಪಾಪಯ್ಯನಿಗೆ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಪಿಸುಮಾತು ಅಂದರೆ ಅಷ್ಟೂ ಗಾಳಿ ಅಕ್ಷರವೇ, ಅವನ ಕಿವಿಯಿಂದ ಜಾರಿಹೋದವೇ. ಒಮ್ಮೆ ಅವಳು ಅವನ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದಳು. ಬೆಚ್ಚನೆಯ ಉಸಿರು ತಾಗಿತು. ಮಾತು ಬರಲಿಲ್ಲ.

ಆಗ ಅವನಿಗೆ ತೋಚಿದ್ದು ಒಂದೇ. ಬೆಳಿಗ್ಗೆ ಎದ್ದು ಗೂಡಿನಲ್ಲಿದ್ದ ಡಬ್ಬ ಹಾಕುವನು. ಸಂಜೆ ಮತ್ತೆ ಹಾಕುವನು. ಅವಳಿಗೂ ಸಮಾಧಾನ ಆಗಲಿ, ದನಿ ಎಲ್ಲೂ ಹೋಗಿಲ್ಲ ಅಂತ ತಿಳಿಯಲಿ ಅಂತ. ಅವಳು ಅಂಗೈ ಕೆಳಗೆ ಮಾಡಿ ಕೈ ಆಡಿಸುವಳು. ಮೈಕಿನವರ ಲೋಕದಲ್ಲಿ ಆ ಕೈಗೆ ಒಂದೇ ಅರ್ಥ, ವಾಲ್ಯೂಮ್ ಇಳಿಸು. ಪಾಪಯ್ಯ ಇಳಿಸುವನು. ಮತ್ತೆ ಕೈ ಆಡಿಸುವಳು. ಮತ್ತಷ್ಟು ಇಳಿಸುವನು. ಅವಳು ಸೋತು ಸುಮ್ಮನಾಗುವಳು. ಈಗ ಸರಿಹೋಯಿತು ಅಂದುಕೊಂಡು ಅವನು ಡಬ್ಬದ ಮುಂದೆ ಕೂರುವನು. ಸಣ್ಣ ಸದ್ದಿನಲ್ಲಿ ಅವನಿಗೆ ಕೇಳುತ್ತಿದ್ದದ್ದು ದೂರದ ಗುನುಗು ಮಾತ್ರ.

ಮಾದಮ್ಮ ಬಂದಾಗ ಅವನ ತೋಳು ಹಿಡಿದು, ಮುಖಕ್ಕೆ ಮುಖ ಕೊಟ್ಟು ಕೂಗಿದಳು. "ಮಿಸಿನ್ ಆಕ್ಕಳ್ಳಯ್ಯ! ಮರ್ವಾದೆ ಓದ್ರೆ ಓಗ್ಲಿ. ಅವ್ಳು ಏಳ್ತಾವ್ಳೆ, ಏಳ್ತಾವ್ಳೆ, ಕೇಳೋರಿಲ್ಲ." ಏನು ಹೇಳುತ್ತಿದ್ದಾಳೆ ಅಂತ ಕೇಳಿದರೆ, "ಅದ್ನ ಅವ್ಳ ಬಾಯಿಂದ್ಲೇ ಕೇಳು, ನಾನ್ಯಾಕೆ ಮದ್ಯ ತಿರುಗುಸ್ಲಿ?" ಅಂದಳು.

ಹಾಸನಕ್ಕೆ ಹೋದ. ಅದೇ ಹುಡುಗಿ ಎರಡು ಕಿವಿಗೂ ಹುಣಿಸೆ ಬೀಜದಷ್ಟು ಮಿಷನ್ ಕೂರಿಸಿದಳು. ಬಸ್ಸಿನಲ್ಲಿ ಚೀಲಗಳು ಚರಚರ ಅಂದವು, ಕಿಟಕಿಯ ಗಾಜು ಕಟಕಟಿಸಿತು, ಯಾರೋ ಕಡಲೆಕಾಯಿ ಒಡೆದದ್ದು ತಲೆಯೊಳಗೇ ಒಡೆದ ಹಾಗಾಯಿತು. ಮಿಷನ್ ಕಿತ್ತು ಜೇಬಿಗೆ ಹಾಕಬೇಕು ಅನ್ನಿಸಿದರೂ ಹಾಕಲಿಲ್ಲ.

ಮನೆಗೆ ಬಂದವನೇ ಮೊದಲು ಡಬ್ಬದ ಹತ್ತಿರ ಹೋದ. ಇಷ್ಟು ದಿನ ಕೇಳದೆ ಇದ್ದದ್ದನ್ನು ಇವತ್ತಾದರೂ ಕೇಳಬೇಕು. ಸ್ವಿಚ್ಚಿಗೆ ಕೈ ಹಾಕಿದ. ಒಲೆಯ ಕಡೆಯಿಂದ ಪುಟ್ಟತಾಯಮ್ಮ ಬಂದು ಕೈ ಆಡಿಸಿದಳು. ಜೊತೆಗೆ ಒಣ ಎಲೆ ಸರಿದಂಥ ಸದ್ದು ಬಂತು. ಅದು ಮಾತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಬ್ಯಾಡ ಕಣ. ಆಕ್ಬ್ಯಾಡ."

ಪಾಪಯ್ಯನ ಕೈ ಸ್ವಿಚ್ಚಿನ ಮೇಲೇ ಉಳಿಯಿತು. "ಇಳ್ಸು ಅಂತ ಅಲ್ವಾ ನೀನು...?"

"ದಿನಾ ಬ್ಯಾಡ ಅಂದೆ. ಸತ್ತೋರ ಪೋಟಕ್ಕೆ ದೀಪ ಅಚ್ದಂಗೆ ದಿನಾ ಅಚ್ತೀಯ. ನಾನಿನ್ನೂ ಇಲ್ಲೇ ಅವ್ನಿ."

ಅವನು ಅವಳನ್ನೇ ನೋಡಿದ. ಹೊಸ ದನಿ. ಹರಿದ ತಿದಿಯಿಂದ ಗಾಳಿ ಬಂದ ಹಾಗಿತ್ತು. ಯಾವ ಡಬ್ಬಕ್ಕೂ ಇದನ್ನು ತಾಳೆ ನೋಡುವಂತಿರಲಿಲ್ಲ. ಡಬ್ಬದ ಹಿಂದೆ ಕೈ ಹಾಕಿ ವೈರು ಕಳಚಿ ಸುತ್ತಿಟ್ಟ. ಗೋಡೆಗೊರಗಿ ಕೂತ.

ಪುಟ್ಟತಾಯಮ್ಮ ಎದುರಿಗೆ ಕಾಲು ನೀಡಿ ಕೂತು ಹೇಳತೊಡಗಿದಳು. ನಡುನಡುವೆ ಉಸಿರು ಸಾಲದೆ ನಿಲ್ಲುತ್ತಿದ್ದಳು. ನುಂಗುವಾಗ ಇನ್ನೂ ನೋಯುತ್ತದೆ. ರಾತ್ರಿ ಹೆದರಿಕೆಯಾಗಿ ಎಬ್ಬಿಸಿದರೆ ನೀನು ಮಗ್ಗುಲು ಬದಲಿಸಿದೆ. ಹಾಲಿನವನು ನೀರು ಬೆರೆಸುತ್ತಿದ್ದಾನೆ, ಕೇಳು. ನಿನ್ನ ತಮ್ಮನ ಹೆಂಡತಿ ಆಡಿದ ಮಾತು ಮನಸ್ಸಿಗೆ ಚುಚ್ಚಿದೆ. ಆಪರೇಷನ್ನು ಆದಾಗಿನಿಂದ ನೀನು ಮಾಡಿದ ಸಾರಿಗೆ ಒಂದು ದಿನವೂ ಉಪ್ಪು ಸಾಲಲಿಲ್ಲ.